ಹಂಗಾಮಿಗೆ ಮುಂಚಿನ ಲೆಕ್ಕ

ಯಾವ ಆಟವೇ ಆಗಲಿ, ಮೈದಾನದಲ್ಲಿ ಮೊದಲಾಗುವದಕ್ಕಿಂತ ಮುಂಚೆ ಮಾತಿನಲ್ಲಿ ಮೊದಲಾಗುವದು. ಹೊಸ ಹಂಗಾಮಿಗೆ ಇನ್ನೂ ಒಂದೆರಡು ತಿಂಗಳು ಇರುವಾಗಲೇ ಅಭಿಮಾನಿಗಳು ಕೂಡಿದಲ್ಲೆಲ್ಲ ತಮ್ಮ ತಂಡದ ಭವಿಷ್ಯ ನುಡಿಯತೊಡಗುವರು. ಹಳಬರಲ್ಲಿ ಯಾರು ಉಳಿದರು, ಯಾರು ನಿವೃತ್ತರಾದರು, ಹೊಸ ಹುಡುಗರಲ್ಲಿ ಕಸುವು ಎಷ್ಟಿದೆ, ಈ ಸಲವಾದರೂ ಪದಕ ಬಂದೀತೇ ಎಂಬವೇ ಎಲ್ಲ ಕಡೆಯ ಪ್ರಶ್ನೆಗಳು. ಇದು ಹೊತ್ತುಗಳೆಯುವ ಹರಟೆಯೆಂದು ಹಿರಿಯರು ಅನ್ನುವದುಂಟು. ಆದರೆ ಸರಿಯಾಗಿ ನಡೆಸಿದರೆ ಇದೂ ಒಂದು ಬಗೆಯ ವಿದ್ಯೆಯೇ ಎಂದು ನನ್ನ ಎಣಿಕೆ. ಹಾಕಿಯ ತಂಡವೊಂದರ ಭವಿಷ್ಯವನ್ನು ಹಂಗಾಮಿಗೆ ಮುಂಚೆ ಹೇಗೆ ತೂಗಬೇಕು, ಯಾವುದನ್ನು ಎಣಿಕೆಗೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ವಿವರಿಸುವದೇ ಈ ಲೇಖನದ ಉದ್ದೇಶ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಈ ಸೀಮೆಯಲ್ಲಿ ಕುಸ್ತಿ, ಕಬಡ್ಡಿಗಳ ಮಾತು ಹೆಚ್ಚು. ಕ್ರಿಕೆಟ್ಟಿನ ಮಾತು ಅದಕ್ಕೂ ಹೆಚ್ಚು. ಹಾಕಿಯ ಮಾತನ್ನು ಆಡುವವರು ಬೆರಳೆಣಿಕೆಯಷ್ಟು. ಹಾಗೆಂದು ಈ ಆಟ ನಮಗೆ ತೀರ ಪರಕೀಯವಾದದ್ದೇನೂ ಅಲ್ಲ. ಅಣ್ಣಿಗೇರಿಯ ನೆರೆಯಲ್ಲೇ ಇರುವ ಗದಗ-ಬೆಟಗೇರಿಯಲ್ಲಿ ಹಾಕಿಯ ಹವ್ಯಾಸ ಹಳೆಯದು. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ನಮ್ಮ ಕಾಲೇಜಿನಲ್ಲಿಯೂ ಹಾಕಿಯ ಹುಚ್ಚು ಹಿಡಿದ ಆರೇಳು ಜನ ಇದ್ದೇವೆ. ಚಹದಂಗಡಿಯ ಬಾಕಿನ ಮೇಲೆ ಕುಳಿತು ಭಾರತ ತಂಡದ ಹಣೆಬರಹವನ್ನು ನಾವು ಎಷ್ಟು ಸಲ ಬರೆದಿದ್ದೇವೆ, ಎಷ್ಟು ಸಲ ಅಳಿಸಿದ್ದೇವೆ ಎಂಬುದಕ್ಕೆ ಲೆಕ್ಕವಿಲ್ಲ.

ನಾನು ಒಕ್ಕಲುತನದ ಮನೆಯವನು. ಹಂಗಾಮು ಎಂಬ ಶಬ್ದ ಕೇಳಿದೊಡನೆ ನನಗೆ ಮೊದಲು ನೆನಪಾಗುವದು ಮುಂಗಾರಿ, ಹಿಂಗಾರಿಗಳು. ಕಾರಹುಣ್ಣಿಮೆಯ ದಿನ ನಮ್ಮ ಊರುಗಳಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುವದನ್ನು ಎಲ್ಲರೂ ಬಲ್ಲರು. ಕರಿ ಹರಿದ ಎತ್ತಿನ ಬಣ್ಣ ನೋಡಿ ಆ ವರ್ಷ ಮುಂಗಾರಿ ಪೀಕು ಚೆನ್ನಾದೀತೋ ಹಿಂಗಾರಿ ಪೀಕು ಚೆನ್ನಾದೀತೋ ಎಂದು ಹೇಳುವ ರೂಢಿಯುಂಟು. ಜನ ಹೋ ಎಂದು ಕೂಗಿ ಸಂತೋಷಪಡುವರು. ಆದರೆ ಅದೇ ರೈತ ಸಂಜೆ ಮನೆಗೆ ಬಂದು ಬೇರೊಂದು ಲೆಕ್ಕ ಹಾಕುತ್ತಾನೆ. ಕಣಜದಲ್ಲಿ ಬೀಜ ಎಷ್ಟಿದೆ, ಎತ್ತಿಗೆ ಕಸುವಿದೆಯೇ, ಹೊಲದ ಬದು ಗಟ್ಟಿಯಿದೆಯೇ, ಎರಿಯ ಭೂಮಿಗೆ ಹದ ಬಂದಿದೆಯೇ ಎಂದು ಒಂದೊಂದನ್ನೇ ಎಣಿಸುವನು. ಮಳೆ ತನ್ನ ಕೈಯಲ್ಲಿಲ್ಲವೆಂಬುದು ಅವನಿಗೆ ಗೊತ್ತು. ಆದ್ದರಿಂದಲೇ ಕೈಯಲ್ಲಿರುವದನ್ನು ಅಷ್ಟು ಜಾಗರೂಕತೆಯಿಂದ ಎಣಿಸುವನು. ಎತ್ತಿನ ಬಣ್ಣವೊಂದನ್ನೇ ನಂಬಿ ಬಿತ್ತಿದ ರೈತನನ್ನು ನಾನು ಕಂಡಿಲ್ಲ. ಹಾಕಿಯ ಅಭಿಮಾನಿಗಳಾದ ನಾವು ಮಾತ್ರ ಅನೇಕ ಸಲ ಎತ್ತಿನ ಬಣ್ಣಕ್ಕೇ ನಿಂತುಬಿಡುತ್ತೇವೆ.

ಈ ಬಣ್ಣಗಳಲ್ಲಿ ಮೊದಲನೆಯದು ಹಳೆಯ ಚಿನ್ನದ್ದು. ಭಾರತವು ಒಲಿಂಪಿಕ್ಸಿನಲ್ಲಿ ಎಂಟು ಸಲ ಚಿನ್ನ ಗೆದ್ದಿದೆ: 1928ರಿಂದ 1956ರ ವರೆಗೆ ಎಡೆಬಿಡದೆ ಆರು ಸಲ, ಆಮೇಲೆ 1964ರಲ್ಲಿ, 1980ರಲ್ಲಿ. ಈ ಹೆಮ್ಮೆ ನಿಜವಾದದ್ದು. ಆದರೆ 2008ರ ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯದ ತಂಡಕ್ಕೂ ಇದೇ ಇತಿಹಾಸವಿತ್ತು. 2012ರಲ್ಲಿ ಲಂಡನ್ನಿನಲ್ಲಿ ಹನ್ನೆರಡನೆಯದಾಗಿ, ಅಂದರೆ ಕಟ್ಟಕಡೆಯದಾಗಿ ನಿಂತ ತಂಡಕ್ಕೂ ಇದೇ ಇತಿಹಾಸವಿತ್ತು. ಅಜ್ಜ ಬೆಳೆದ ಜೋಳ ಮೊಮ್ಮಗನ ಕಣಜವನ್ನು ತುಂಬುವದಿಲ್ಲ.

ಎರಡನೆಯ ಬಣ್ಣ ತವರು ನೆಲದ್ದು. 2023ರ ವಿಶ್ವಕಪ್ ಪಂದ್ಯಾವಳಿ ಒಡಿಶಾದ ಭುವನೇಶ್ವರ, ರೂರ್ಕೆಲಾಗಳಲ್ಲಿ ನಡೆಯಿತು. ನಮ್ಮದೇ ನೆಲ, ನಮ್ಮದೇ ಜನ. ಉಪಾಂತ್ಯಕ್ಕಂತೂ ಹೋಗಿಯೇ ತೀರುವರೆಂದು ಅಭಿಮಾನಿಗಳು ಅಂದುಕೊಂಡಿದ್ದರು. ನಡೆದದ್ದು ಬೇರೆ. ಗುಂಪಿನ ಹಂತದಲ್ಲಿ ಭಾರತವು ಸ್ಪೇನನ್ನು 2-0ರಿಂದ, ವೇಲ್ಸನ್ನು 4-2ರಿಂದ ಸೋಲಿಸಿ, ಇಂಗ್ಲೆಂಡಿನೊಡನೆ ಗೋಲಿಲ್ಲದ ಸರಿಸಮ ಮಾಡಿಕೊಂಡಿತು. ಇಂಗ್ಲೆಂಡಿಗೂ ಭಾರತಕ್ಕೂ ಅಂಕಗಳು ಸಮನಾದವು. ಆದರೆ ಇಂಗ್ಲೆಂಡು ಹೊಡೆದ ಗೋಲುಗಳು ಬಿಟ್ಟುಕೊಟ್ಟವುಗಳಿಗಿಂತ 9 ಹೆಚ್ಚು. ನಮ್ಮವು 4 ಹೆಚ್ಚು. ಅಷ್ಟರಿಂದಲೇ ಇಂಗ್ಲೆಂಡು ನೇರವಾಗಿ ಮುಂದೆ ಹೋಯಿತು. ಭಾರತವು ನ್ಯೂಜಿಲೆಂಡಿನೊಡನೆ ಇನ್ನೊಂದು ಪಂದ್ಯ ಆಡಬೇಕಾಯಿತು. ಅದರಲ್ಲಿ ಮುಂದಿದ್ದೂ 3-3ಕ್ಕೆ ಬಂದು, ಶೂಟೌಟಿನಲ್ಲಿ ಸೋತು, ಕೊನೆಗೆ ಒಂಬತ್ತನೆಯ ಸ್ಥಾನ ಹಂಚಿಕೊಂಡಿತು. ಅಂದಮೇಲೆ ತವರು ನೆಲವೆಂಬುದು ಬಲವಾಗಬಹುದೇ ಹೊರತು ಗೋಲಾಗದು.

ಇನ್ನು ಕೈಯಲ್ಲಿರುವದರ ಎಣಿಕೆಗೆ ಬರೋಣ. ರೈತನಂತೆ ನಾವೂ ಮೊದಲು ನೆಲವನ್ನೇ ನೋಡಬೇಕು. ನಮ್ಮ ಎರಿಯ ಭೂಮಿ ಮಳೆಗಾಲದಲ್ಲಿ ಕಾಲು ಕೀಳಗೊಡದು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವದು. ಅದರ ಮೇಲೆ ಹಾಕಿಯ ಚೆಂಡು ಹೇಳಿದತ್ತ ಉರುಳದು. ಚೆಂಡು ಹೇಗೆ ಉರುಳುತ್ತದೆಯೋ ಹಾಗೆ ಆಟವೂ ಬದಲಾಗುವದು. ಇದಕ್ಕೆ ಭಾರತದ ಹಾಕಿಯ ಚರಿತ್ರೆಯೇ ಸಾಕ್ಷಿ. 1975ರಲ್ಲಿ ಕ್ವಾಲಾಲಂಪುರದಲ್ಲಿ ಹುಲ್ಲಿನ ಮೈದಾನದ ಮೇಲೆ ಭಾರತವು ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ. ಪಿ. ಗೋವಿಂದ ಇದ್ದರು. ಮರುವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊಟ್ಟಮೊದಲು ಕೃತಕ ಹುಲ್ಲು ಹಾಸಿದರು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ ಚೆಂಡು ನಿಧಾನ. ಅದನ್ನು ಕೋಲಿಗೆ ಅಂಟಿಸಿಕೊಂಡು ಇಬ್ಬರು ಮೂವರನ್ನು ದಾಟಿ ಹೋಗುವ ಕೈಚಳಕಕ್ಕೆ ಅಲ್ಲಿ ಬೆಲೆ. ಟರ್ಫಿನ ಮೇಲೆ ಚೆಂಡು ನೆಟ್ಟಗೆ, ಬಹು ವೇಗದಿಂದ ಹೋಗುವದರಿಂದ ಓಟಕ್ಕೂ ದಮ್ಮಿಗೂ ದೂರದ ಪಾಸಿಗೂ ಬೆಲೆ. ಅಂಥ ಮೈದಾನಗಳು ನಮ್ಮ ದೇಶದಲ್ಲಿ ಬಹುಕಾಲ ವಿರಳವಾಗಿದ್ದವು. ಆದ್ದರಿಂದ ಯಾವ ತಂಡದ ಬಗೆಗೆ ಮಾತನಾಡುವಾಗಲೂ ಅದರ ಹುಡುಗರು ಎಷ್ಟನೆಯ ವಯಸ್ಸಿಗೆ ಟರ್ಫನ್ನು ತುಳಿದರೆಂದು ಮೊದಲು ಕೇಳಬೇಕು. ಹದಿನೆಂಟಕ್ಕೆ ತುಳಿದವನು ಹತ್ತಕ್ಕೆ ತುಳಿದವನ ಜೊತೆಗೆ ಓಡಬೇಕಾಗಿರುತ್ತದೆ.

ಎರಡನೆಯದು ಪೆನಾಲ್ಟಿ ಕಾರ್ನರ್. ಹಾಕಿಯನ್ನು ಹೆಚ್ಚಾಗಿ ನೋಡದ ವಾಚಕರಿಗಾಗಿ ಇದನ್ನು ಬಿಡಿಸಿ ಹೇಳುವದು ಅವಶ್ಯ. ಗೋಲಿನ ಮುಂದಿನ ವರ್ತುಲದೊಳಗೆ ರಕ್ಷಕರು ತಪ್ಪು ಮಾಡಿದರೆ ಎದುರು ತಂಡಕ್ಕೆ ಸಿಗುವ ವಿಶೇಷ ಅವಕಾಶವೇ ಇದು. ಒಬ್ಬನು ಗೋಲಿನ ಕಂಬದಿಂದ 10 ಮೀಟರ್ ದೂರದಲ್ಲಿ ಹಿಂಗೆರೆಯ ಮೇಲಿಂದ ಚೆಂಡನ್ನು ತಳ್ಳುವನು. ವರ್ತುಲದ ಹೊರಗೆ ಇನ್ನೊಬ್ಬನು ಅದನ್ನು ತಡೆಯುವನು. ಮೂರನೆಯವನು ಗೋಲಿನತ್ತ ಕಳಿಸುವನು. ಗೋಲ್‌ಕೀಪರನೂ ಸೇರಿ ಐವರು ಮಾತ್ರ ಗೋಲಿನ ಹತ್ತಿರ ನಿಂತು ರಕ್ಷಿಸಬಹುದು; ಉಳಿದವರು ನಡುಗೆರೆಯ ಆಚೆಗೆ ಹೋಗಬೇಕು. ಇಲ್ಲಿ ಒಂದು ನಿಯಮವನ್ನು ಲಕ್ಷ್ಯದಲ್ಲಿಡಬೇಕು. ಮೊದಲನೆಯ ಹೊಡೆತವನ್ನು ಕೋಲು ಬೀಸಿ ಹೊಡೆದರೆ ಚೆಂಡು ಗೋಲಿನ ಗೆರೆಯನ್ನು 46 ಸೆಂಟಿಮೀಟರಿಗಿಂತ ಎತ್ತರದಲ್ಲಿ ದಾಟಕೂಡದು. ಆದರೆ ಕೋಲಿನಿಂದ ಎಳೆದು ಚಿಮ್ಮಿಸಿದರೆ ಎಷ್ಟು ಎತ್ತರವಾದರೂ ಸರಿ. ಈ ಎಳೆದು ಚಿಮ್ಮಿಸುವದಕ್ಕೇ ಡ್ರ್ಯಾಗ್ ಫ್ಲಿಕ್ ಎನ್ನುವರು. ನೆಲದಿಂದ ಎದ್ದು ಗೋಲಿನ ಮೇಲಿನ ಮೂಲೆಗೆ ಹೋಗುವ ಆ ಚೆಂಡನ್ನು ತಡೆಯುವದು ಬಲು ಕಷ್ಟ.

ಆದ್ದರಿಂದ ಒಳ್ಳೆಯ ಫ್ಲಿಕ್ಕರನಿರುವ ತಂಡವು ಹಂಗಾಮಿಗೆ ಕಣಜದಲ್ಲಿ ಬೀಜವಿಟ್ಟುಕೊಂಡೇ ಹೊರಡುತ್ತದೆ ಎನ್ನಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗರು ಒಬ್ಬರೇ 10 ಗೋಲು ಹೊಡೆದರು. ಸ್ಪೇನಿನೊಡನೆ ಕಂಚಿಗಾಗಿ ನಡೆದ ಪಂದ್ಯವನ್ನು ಭಾರತ 2-1ರಿಂದ ಗೆದ್ದಾಗ ಆ ಎರಡೂ ಗೋಲುಗಳು ಅವರವೇ. ಆದರೆ ಬೀಜ ಒಂದೇ ಚೀಲದಲ್ಲಿದ್ದರೆ ಅಪಾಯವೂ ಉಂಟು. ಅವನು ಬಿದ್ದರೆ ಎರಡನೆಯವನು ಯಾರು, ಚೆಂಡು ತಳ್ಳುವವನು ಯಾರು, ತಡೆಯುವವನು ಯಾರು ಎಂದು ಕೇಳುವದು ಬುದ್ಧಿವಂತ ಅಭಿಮಾನಿಯ ಲಕ್ಷಣ. ಮೂವರ ಕೈ ಕೂಡಿದಾಗಲೇ ಒಂದು ಕಾರ್ನರ್ ಆಗುವದು. ಪತ್ರಿಕೆಯಲ್ಲಿ ಮಾತ್ರ ಒಬ್ಬನ ಹೆಸರು ಬರುವದು.

ಮೂರನೆಯದು ಗೋಲ್‌ಕೀಪರ. ನಮ್ಮ ಹರಟೆಗಳಲ್ಲಿ ಇವನ ಹೆಸರು ಕೊನೆಗೆ ಬರುತ್ತದೆ, ಮೊದಲಿಗೆ ಬರಬೇಕು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಭಾರತ, ದಕ್ಷಿಣ ಕೊರಿಯಾ ತಂಡಗಳು ಸಮನಾಗಿ ನಿಂತಾಗ, ಟೈಬ್ರೇಕರಿನಲ್ಲಿ ಗೋಲು ಕಾಯ್ದು ಚಿನ್ನ ತಂದವರು ಬೆಂಗಳೂರಿನ ಆಶಿಶ್ ಬಲ್ಲಾಳರು. ಆ ಕೂಟದಲ್ಲಿ ಹಾಕಿಯ ಚಿನ್ನ ನಮಗೆ 32 ವರ್ಷಗಳ ಮೇಲೆ ಬಂದಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜರ್ಮನಿಯ ವಿರುದ್ಧ 1-3ರಿಂದ ಹಿಂದಿದ್ದ ಭಾರತ 5-4ರಿಂದ ಗೆದ್ದಿತಷ್ಟೆ. ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಅದನ್ನು ತಡೆದವರು ಪಿ. ಆರ್. ಶ್ರೀಜೇಶ್. 41 ವರ್ಷಗಳ ಮೇಲೆ ಒಲಿಂಪಿಕ್ ಪದಕ ಬಂದದ್ದು ಹಾಗೆ. ಪ್ಯಾರಿಸ್ಸಿನ ತರುವಾಯ ಅವರು ನಿವೃತ್ತರಾದರು. ಶೂಟೌಟಿನ ನಿಯಮ ಬಂದಮೇಲಂತೂ ಕೀಪರನ ಬೆಲೆ ಹೆಚ್ಚಿದೆ. ಅದರಲ್ಲಿ ಎದುರಾಳಿಯು 23 ಮೀಟರ್ ಗೆರೆಯಿಂದ ಚೆಂಡು ತೆಗೆದುಕೊಂಡು 8 ಸೆಕೆಂಡುಗಳೊಳಗೆ ಗೋಲು ಹೊಡೆಯಬೇಕು. ಅವನಿಗೂ ಗೋಲಿಗೂ ನಡುವೆ ಕೀಪರನೊಬ್ಬನೇ. ತಂಡಕ್ಕೆ ಹೊಸ ಕೀಪರ ಬಂದಿದ್ದರೆ ಒಂದು ಹಂಗಾಮು ತಾಳ್ಮೆಯಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ನಾಲ್ಕನೆಯದು ಬೆಂಚಿನ ಬಲ. ಮೈದಾನದಲ್ಲಿ ಆಡುವವರು ಹನ್ನೊಂದು ಜನ. ಆದರೆ ಹಾಕಿಯಲ್ಲಿ ಆಟ ನಡೆಯುತ್ತಿರುವಾಗಲೇ ಆಟಗಾರರನ್ನು ಎಷ್ಟು ಸಲವಾದರೂ ಬದಲಿಸಬಹುದು. ಹದಿನೈದು ನಿಮಿಷಗಳ ನಾಲ್ಕು ಪಾಳಿಗಳಲ್ಲಿ ಮುಂದಿನ ಸಾಲಿನವರು ಕೆಲ ಹೊತ್ತು ಜೀವ ಬಿಟ್ಟು ಓಡಿ ಹೊರಗೆ ಬರುವರು. ದಣಿವಾರಿಸಿಕೊಂಡು ಮತ್ತೆ ಹೋಗುವರು. ಎತ್ತಿನ ಜೋಡಿ ಬದಲಿಸಿ ಹೊಲ ಹರಗಿದಂತೆ ಇದು. ಆದ್ದರಿಂದ ಹನ್ನೊಂದನೆಯವನ ಹೆಸರಿಗಿಂತ ಹದಿನಾರನೆಯವನ ಹೆಸರು ಕೇಳುವದು ಲೇಸು. 2023ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿನೊಡನೆ ಆಡುವಾಗ ನಡುಸಾಲಿನ ಹಾರ್ದಿಕ್ ಸಿಂಗರಿಗೆ ಗಾಯವಾಗಿ ಅವರು ಮುಂದೆ ಆಡದಾದರು. ಅಂಥ ಒಬ್ಬನ ಸ್ಥಳವನ್ನು ತುಂಬಬಲ್ಲವನು ಇದ್ದಾನೆಯೇ ಎಂಬುದೇ ತಂಡದ ನಿಜವಾದ ಸಂಪತ್ತು.

ಇಷ್ಟೆಲ್ಲ ಎಣಿಸಿದ ಮೇಲೆಯೂ ಮಳೆಯ ಪಾಲು ಮಳೆಗೆ ಬಿಡಬೇಕು. ಪ್ಯಾರಿಸ್ಸಿನಲ್ಲಿ ಗ್ರೇಟ್ ಬ್ರಿಟನ್ನಿನ ವಿರುದ್ಧದ ಪಂದ್ಯದ 17ನೆಯ ನಿಮಿಷಕ್ಕೆ ಅಮಿತ್ ರೋಹಿದಾಸರಿಗೆ ಕೆಂಪು ಕಾರ್ಡು ಬಂದಿತು. ಹಸಿರು ಕಾರ್ಡಿಗೆ ಎರಡು ನಿಮಿಷ, ಹಳದಿಗೆ ಐದು ನಿಮಿಷ ಅಥವಾ ಹೆಚ್ಚು ಹೊರಗೆ ಕೂಡ್ರಬೇಕು. ಕೆಂಪಿಗೆ ಮರಳಿ ಬರುವಂತಿಲ್ಲ. ಭಾರತವು ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನರಿಂದ ಆಡಿ 1-1ರಲ್ಲಿ ಪಂದ್ಯವನ್ನು ಉಳಿಸಿಕೊಂಡು, ಶೂಟೌಟಿನಲ್ಲಿ 4-2ರಿಂದ ಗೆದ್ದಿತು. ಆದರೆ ಜರ್ಮನಿಯ ವಿರುದ್ಧದ ಉಪಾಂತ್ಯಕ್ಕೆ ರೋಹಿದಾಸರು ಇರಲಿಲ್ಲ. ಎದುರಾಳಿಗಳ ಪೆನಾಲ್ಟಿ ಕಾರ್ನರಿಗೆ ಮೊದಲು ಓಡಿ ಅಡ್ಡ ಹೋಗುವವರು ಅವರೇ. ಭಾರತ 2-3ರಿಂದ ಸೋತಿತು. ಅವರಿದ್ದರೆ ಗೆಲ್ಲುತ್ತಿದ್ದರೆಂದು ನಾನು ಹೇಳಲಾರೆ. ಹಂಗಾಮಿಗೆ ಮುಂಚೆ ಯಾರೂ ಎಣಿಸಲಾಗದ ಸಂಗತಿಯೊಂದು ಹೇಗೆ ಎರಡು ಪಂದ್ಯಗಳ ನಡೆಯನ್ನು ಬದಲಿಸಿತೆಂದು ತೋರಿಸುವದಷ್ಟೇ ನನ್ನ ಉದ್ದೇಶ.

ಈ ವರೆಗೆ ಹೇಳಿದ್ದು ಒಂದು ಹಂಗಾಮಿನ ಲೆಕ್ಕ. ಇನ್ನೊಂದು ದೊಡ್ಡ ಲೆಕ್ಕವಿದೆ. ಅದು ಬೀಜ ಎಲ್ಲಿಂದ ಬರುತ್ತದೆ ಎಂಬುದು. ಕರ್ನಾಟಕದ ಮಟ್ಟಿಗೆ ಇದರ ಉತ್ತರ ಬಹುಮಟ್ಟಿಗೆ ಕೊಡಗು ಎಂದೇ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ. ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರಲ್ಲಿ ಸೋಲ್ ಒಲಿಂಪಿಕ್ಸಿಗೆ ನಾಯಕರಾಗಿ ಹೋದ ಎಂ. ಎಂ. ಸೋಮಯ್ಯ, ಇವರೆಲ್ಲ ಆ ನಾಡಿನವರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವೆ ಹಾಕಿಯ ನಮ್ಮೆಯೊಂದನ್ನು, ಅಂದರೆ ಹಬ್ಬವನ್ನು, ಆರಂಭಿಸಿದರು. ಮೊದಲ ವರ್ಷ ಸೇರಿದವು 60 ಮನೆತನಗಳು. ಪ್ರತಿ ವರ್ಷ ಒಂದೊಂದು ಮನೆತನವು ಭಾರ ಹೊತ್ತು ತನ್ನ ಹೆಸರಿನಲ್ಲಿ ಅದನ್ನು ನಡೆಸುವದು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದಾಗ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಮನೆತನದ ನಮ್ಮೆಗೆ 396 ತಂಡಗಳು ಬಂದವು. ಅಲ್ಲಿ ಗಂಡಸರ ಜೊತೆಗೆ ಹೆಂಗಸರೂ, ಹುಡುಗರ ಜೊತೆಗೆ ವಯಸ್ಸಾದವರೂ ಒಂದೇ ಮನೆತನದ ಹೆಸರಿನಲ್ಲಿ ಕೋಲು ಹಿಡಿಯುವರು.

ಇದರ ಗುಟ್ಟನ್ನು ನಾವು ತಿಳಿಯಬೇಕು. ಸುಮಾರು ನಾಲ್ಕು ನೂರು ಮನೆತನಗಳು ಆಡುವವೆಂದರೆ ಹಂಗಾಮಿಗೆ ಮುಂಚೆ ಸುಮಾರು ನಾಲ್ಕು ನೂರು ಕಡೆ ಹಾಕಿಯ ಮಾತು ನಡೆಯಬೇಕು. ಈ ವರ್ಷ ಗೋಲು ಕಾಯುವವರು ಯಾರು, ದೂರದ ಊರಿನಲ್ಲಿ ನೌಕರಿಗಿರುವ ತಮ್ಮ ಬರುವನೇ, ಅತ್ತೆಯ ಮಗಳನ್ನು ಮುಂದಿನ ಸಾಲಿಗೆ ಹಾಕೋಣವೇ ಎಂಬಂಥ ಮಾತು. ಚರ್ಚಿಸುವವನೂ ಆಡುವವನೂ ಅಲ್ಲಿ ಒಂದೇ ಮನೆಯವರು. ಹಾಗಿದ್ದಲ್ಲಿ ಹರಟೆಯೂ ತಾಲೀಮಿನ ಒಂದು ಭಾಗವಾಗುತ್ತದೆ. ಕೇಳುತ್ತ ಕುಳಿತ ಹುಡುಗ ನಾಳೆ ಕೋಲು ಹಿಡಿಯುತ್ತಾನೆ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಎಂಬ ಪಂದ್ಯಾವಳಿ ಹುಟ್ಟಿತು. ಅದರಲ್ಲಿ ಬೆಂಗಳೂರ್ ಲಯನ್ಸ್ ಎಂಬ ತಂಡವಿತ್ತು. 2006ರಲ್ಲಿ ಅದು ಪ್ರಶಸ್ತಿಯನ್ನೂ ಗೆದ್ದಿತು. 2008ರ ತರುವಾಯ ಆ ಲೀಗೇ ನಿಂತುಹೋಯಿತು. ಲಯನ್ಸರ ಮಾತೂ ನಿಂತಿತು. ಆಮೇಲೆ 2013ರಿಂದ 2017ರ ವರೆಗೆ ಹಾಕಿ ಇಂಡಿಯಾ ಲೀಗ್ ನಡೆದು, ನಡುವೆ ನಿಂತು, 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ಆಗ ಸೇರಿದ ಗಂಡಸರ ಎಂಟು ತಂಡಗಳಲ್ಲಿ ಹೈದರಾಬಾದಿನದಿತ್ತು, ತಮಿಳುನಾಡಿನದಿತ್ತು. ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ನಮ್ಮ ಬಾಕಿನ ಮೇಲೆ ಒಬ್ಬ ಹೈದರಾಬಾದನ್ನು ಹಿಡಿದ, ಇನ್ನೊಬ್ಬ ಬಂಗಾಳವನ್ನು ಹಿಡಿದ. ಅಂತಿಮ ಪಂದ್ಯದಲ್ಲಿ ಬಂಗಾಳದವರು ಹೈದರಾಬಾದನ್ನು 4-3ರಿಂದ ಸೋಲಿಸಿದರು. ಮಾತೇನೋ ಚೆನ್ನಾಗಿಯೇ ನಡೆಯಿತು. ಆದರೆ ಪರರ ಹೊಲದ ಪೀಕು ನೋಡಿ ಬೇಲಿಯ ಮೇಲೆ ನಿಂತು ಮಾತನಾಡಿದಂತೆ ಅದರಲ್ಲಿ ಏನೋ ಒಂದು ಕೊರತೆಯಿತ್ತು. ಗೆದ್ದರೂ ನಮ್ಮ ಓಣಿಯ ಹುಡುಗನೊಬ್ಬ ಮರುದಿನ ಕೋಲು ಹುಡುಕಿಕೊಂಡು ಹೋಗಲಿಲ್ಲ.

ಹಾಗಾದರೆ ನಮ್ಮದೆನ್ನುವ ತಂಡ ಯಾವುದು? ನನಗೆ ತೋರುವ ಉತ್ತರ ಬಹಳ ಸಣ್ಣದು. ನಮ್ಮ ಕಾಲೇಜಿನ ತಂಡ. ವಿಶ್ವವಿದ್ಯಾಲಯದ ಅಂತರ್‌ಕಾಲೇಜು ಪಂದ್ಯಗಳಿಗೆ ಹನ್ನೊಂದು ಜನರನ್ನು ಕೂಡಿಸುವದೇ ನಮಗೆ ಪ್ರತಿ ವರ್ಷದ ಪ್ರಯಾಸ. ಮೇಲೆ ಹೇಳಿದ ಲೆಕ್ಕವನ್ನೇ ಇಲ್ಲಿ ಹಾಕಿ ನೋಡೋಣ. ನೆಲ: ಕಾಲೇಜಿನ ಹಿಂದಿನ ಎರಿಯ ಬಯಲು, ಮಳೆ ಹಿಂದೆ ಸರಿದು ನೆಲ ಬಿರಿಯುವದರೊಳಗಿನ ಒಂದೆರಡು ತಿಂಗಳು ಮಾತ್ರ ಆಡಲು ಬರುವದು, ನಾಲ್ಕು ಟ್ರ್ಯಾಕ್ಟರ್ ಗರಸು ಬಿದ್ದರೆ ಅದು ಆರು ತಿಂಗಳಾದೀತು. ಕಾರ್ನರ್: ಚೆಂಡು ತಳ್ಳುವವನೊಬ್ಬ ಇದ್ದಾನೆ; ತಡೆಯುವವನನ್ನು ತಯಾರಿಸಬೇಕು. ಕೀಪರ: ಧೈರ್ಯವುಳ್ಳ ಹುಡುಗನಿದ್ದಾನೆ, ಅವನ ಕಾಲಿಗೆ ಕಟ್ಟುವ ಪ್ಯಾಡುಗಳು ಹರಿದಿವೆ. ಬೆಂಚು: ಸದ್ಯಕ್ಕೆ ಖಾಲಿ. ಆದರೆ ಕಬಡ್ಡಿ ಆಡುವ ಹತ್ತು ಹದಿನೈದು ಹುಡುಗರ ಕಾಲಿನಲ್ಲಿ ಬಲವಿದೆ, ಬಗ್ಗಿ ಓಡುವ ರೂಢಿಯಿದೆ. ಹಾಕಿಗೆ ಬೇಕಾದ ಅರ್ಧ ವಿದ್ಯೆ ಅದೇ. ಈ ಲೆಕ್ಕ ನೋಡಿದರೆ ಮೊದಲ ಸುತ್ತು ದಾಟುವದು ಕಷ್ಟವೆಂದು ಯಾರೂ ಹೇಳಬಹುದು. ಆದರೂ ಈ ಲೆಕ್ಕದಲ್ಲಿ ಒಂದು ವಿಶೇಷವಿದೆ: ಇದರೊಳಗಿನ ಪ್ರತಿಯೊಂದು ಕೊರತೆಯನ್ನೂ ನಾವೇ ತುಂಬಬಹುದು. ಭಾರತ ತಂಡದ ಹದಿನಾರನೆಯವನು ಯಾರಾಗಬೇಕೆಂದು ನಾವು ನಿರ್ಣಯಿಸಲಾರೆವು; ನಮ್ಮ ಕಾಲೇಜಿನ ಹನ್ನೆರಡನೆಯವನನ್ನು ಖಂಡಿತವಾಗಿ ಕರೆತರಬಲ್ಲೆವು.

ನನಗೆ ಇದು ಕಾಲೇಜಿನ ಕೊನೆಯ ವರ್ಷ. ಬರುವ ಹಂಗಾಮಿಗೆ ನಾನು ಇಲ್ಲಿರುವದಿಲ್ಲ. ಈ ಸಂಚಿಕೆಯನ್ನು ಓದುವ ಕಿರಿಯ ಮಿತ್ರರು ಚಹದಂಗಡಿಯ ಚರ್ಚೆಯನ್ನು ಬಿಡಬಾರದೆಂದು ನನ್ನ ಬಿನ್ನಹ. ದೇಶದ ತಂಡದ ಬಗೆಗೆ ಮಾತನಾಡಲಿ. ಹಳೆಯ ಚಿನ್ನವನ್ನು ನೆನೆಯಲಿ. ಕೀಪರನ ಹೆಸರನ್ನು ಮೊದಲು ಹೇಳಲಿ. ಅದಾದ ಮೇಲೆ ಚಹದ ಲೋಟ ಕೆಳಗಿಡುವ ಮುಂಚೆ, ನಮ್ಮ ತಂಡದಲ್ಲಿ ಈ ವರ್ಷ ಎಷ್ಟು ಜನರಿದ್ದೇವೆ ಎಂದು ಒಮ್ಮೆ ಎಣಿಸಲಿ. ಹತ್ತಾದರೆ ಹನ್ನೊಂದನೆಯವನನ್ನು ಹುಡುಕಲು ಅಂದೇ ಸಂಜೆ ಏಳಬೇಕು.